ಕಂದು ಮೀನು, ಹಸಿರು ಮೀನು

ಕಡಮತ್ ದ್ವೀಪ, ಲಕ್ಷದ್ವೀಪ
6 ಅಕ್ಟೋಬರ್ 2024

ಅತ್ತೆಗೆ ಮೌನಿಕಾ ಮಾಡುವ ನಮಸ್ಕಾರಗಳು.

ನಿನಗೆ ಬರೆದು ನಾಲ್ಕು ತಿಂಗಳಾಯಿತು. ಮಳೆಗಾಲದಲ್ಲಿ ಇಲ್ಲಿಗೆ ಹಡಗು ಸರಿಯಾಗಿ ಬರುವುದಿಲ್ಲ, ಅಂಚೆಯೆಲ್ಲ ಕೊಚ್ಚಿಯಲ್ಲೇ ಬಿದ್ದಿರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರಿಗೆ ಹಾಕುತ್ತೀಯ, ಶಿಡ್ಲಘಟ್ಟದ ಆ ಬೀದಿಗೆಲ್ಲ ಕೇಳಿಸುತ್ತದೆ. ಇದು ಬೀದಿಗೆ ಹೇಳುವ ವಿಷಯವಲ್ಲ.

ಅತ್ತೆ, ನನಗೊಂದು ಮೀನು ಸಿಕ್ಕಿದೆ! ನಗಬೇಡ. ‘ಸಮುದ್ರದಲ್ಲಿ ಮೀನಲ್ಲದೆ ಮುದ್ದೆ ಸಿಗುತ್ತಾ’ ಅನ್ನುತ್ತೀಯೆಂದು ಗೊತ್ತು. ಪೂರ್ತಿ ಓದು.

ಈ ದ್ವೀಪದ ಪಕ್ಕಕ್ಕೆ ಹವಳದ ದಿಬ್ಬ ಕೋಟೆ ಗೋಡೆಯ ಹಾಗೆ ನಿಂತಿದೆ. ಗೋಡೆಯ ಒಳಗೆ ಎದೆಮಟ್ಟದ ತಿಳಿನೀರು, ತಳದಲ್ಲಿ ಕಡಲಹುಲ್ಲು. ಗೋಡೆಯ ಆಚೆ ಒಮ್ಮೆಗೇ ಆಳ. ಒಳಗಿನ ಹುಲ್ಲಿನಲ್ಲಿ ಅಂಗೈಯುದ್ದದ ಒಂದು ಕಂದು ಮೀನು ವಾಸ ಮಾಡುತ್ತದೆ. ಅದು ಎಲ್ಲರಿಗೂ ಗೊತ್ತಿರುವುದೇ, ನಮ್ಮ ಮೀನು ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿದೆ. ಮಳೆಗಾಲ ಕಳೆದು ಸೆಪ್ಟೆಂಬರಿನಲ್ಲಿ ಮತ್ತೆ ನೀರಿಗಿಳಿದಾಗ ಗೋಡೆಯ ಆಚೆ ಇಳಿಜಾರಿನಲ್ಲಿ ಇನ್ನೊಂದು ಕಂಡಿತು. ಹಸಿರು ಮೈ, ಮುಖದ ತುಂಬ ನೀಲಿ ಗೆರೆ, ಕಂದು ಮೀನಿನ ಒಂದೂವರೆ ಪಟ್ಟು ದೊಡ್ಡದು. ಎಲ್ಲಾ ಪುಸ್ತಕ ತಿರುವಿ ಹಾಕಿದೆ. ಇಂಥದ್ದು ಯಾವುದರಲ್ಲೂ ಇಲ್ಲ.

ಕೆಲವು ಜಾತಿಯಲ್ಲಿ ಹೆಣ್ಣಿಗೊಂದು ಬಣ್ಣ, ಗಂಡಿಗೊಂದು ಬಣ್ಣ ಇರುತ್ತದೆ. ಅದನ್ನೂ ಯೋಚಿಸಿದೆ. ಆದರೆ ಗಂಡ ಹೆಂಡತಿ ಒಂದು ಮನೆಯಲ್ಲಿರಬೇಕಲ್ಲ! ಕಂದು ಮೀನು ಹುಲ್ಲು ಬಿಟ್ಟು ಆಚೆ ಬಂದದ್ದನ್ನು ನಾನು ಕಂಡಿಲ್ಲ, ಹಸಿರು ಮೀನು ಒಳಗೆ ಕಾಲಿಟ್ಟದ್ದನ್ನೂ ಕಂಡಿಲ್ಲ. ವಾಸ ಬೇರೆ, ಬಣ್ಣ ಬೇರೆ, ಅಳತೆ ಬೇರೆ. ಹಾಗಾದರೆ ಜಾತಿಯೂ ಬೇರೆ. ಫೋಟೊಗಳನ್ನು ನಮ್ಮ ಸಮೀಕ್ಷೆಯ ಮುಖ್ಯಸ್ಥ ಸುಧೀಂದ್ರ ಸರ್‌ಗೆ ಕಳಿಸಿದೆ. ಅವರು ಮಂಗಳೂರಿನಿಂದ ಎರಡು ಸಲ ಫೋನ್ ಮಾಡಿ ‘ಗಟ್ಟಿ ಮಾಡಿಕೋ’ ಅಂದರು.

ನಿನಗೆ ನಿಜ ಹೇಳಿಬಿಡುತ್ತೇನೆ. ಮಾರ್ಚ್ ಮೂವತ್ತೊಂದಕ್ಕೆ ಈ ಕೆಲಸ ಮುಗಿಯುತ್ತದೆ. ಮುಂದಿನ ಮೂರು ವರ್ಷಕ್ಕೆ ಸರ್ ಒಬ್ಬರನ್ನೇ ಇಟ್ಟುಕೊಳ್ಳುತ್ತಾರೆ, ಒಂದೋ ನಾನು, ಇಲ್ಲ ನನ್ನ ಜೊತೆ ಕೆಲಸ ಮಾಡುವ ಗಣೇಶ್ ಪ್ರಸಾದ್. ಈ ಮೀನು ನಿಂತರೆ ನಾನು ನಿಲ್ಲುತ್ತೇನೆ. ಇಲ್ಲದಿದ್ದರೆ ಅಪ್ಪ ಚಿಂತಾಮಣಿಯ ಸ್ಕೂಲಿನಲ್ಲಿ ಮಾತಾಡಿಟ್ಟಿರುವ ಜಾಗ ಕಾದಿದೆ, ಐದನೇ ಕ್ಲಾಸಿಗೆ ವಿಜ್ಞಾನ, ಜೂನ್ ಒಂದರಿಂದ. ನನಗೆ ಅಲ್ಲಿ ಉಸಿರು ಕಟ್ಟುತ್ತದೆ ಅತ್ತೆ. ನೀರಿನೊಳಗೆ ಕಟ್ಟುವುದಿಲ್ಲ.

ಎರಡು ಕವರು ಫೋಟೊ ಇಟ್ಟಿದ್ದೇನೆ. ಒಂದರಲ್ಲಿ ಕಂದು ಮೀನು ಹನ್ನೆರಡು, ಇನ್ನೊಂದರಲ್ಲಿ ಹಸಿರು ಒಂಬತ್ತು. ಹಿಂದೆ ನಂಬರ್ ಹಾಕಿದ್ದೇನೆ. ಮೂವತ್ತೆರಡು ವರ್ಷದಿಂದ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಗೂಡು ಕತ್ತರಿಸಿ, ಹುಳದ ಹೊಟ್ಟೆ ನೋಡಿ ಗಂಡು ಹೆಣ್ಣು ಬೇರೆ ಮಾಡುವ ಕಣ್ಣು ನಿನ್ನದು. ನೋಡಿ ಹೇಳು.

ನಿನ್ನ
ಮೌನಿ


ಶಿಡ್ಲಘಟ್ಟ
24-10-2024

ಚಿರಂಜೀವಿ ಮೌನಿಗೆ ನಿನ್ನ ಅತ್ತೆ ವೆಂಕಟರತ್ನಮ್ಮ ಮಾಡುವ ಆಶೀರ್ವಾದ.

ಕಾಗದ ಬಂತು. ಮೂರು ಸಲ ಓದಿದೆ. ಮೊದಲು ಇದಕ್ಕೆ ಉತ್ತರ ಕೊಡು: ಎದೆಮಟ್ಟ ನೀರಂತೀಯಲ್ಲ, ಯಾರ ಎದೆಮಟ್ಟ? ನೀನು ನಾಲ್ಕಡಿ ಹತ್ತಿಂಚು. ಗೋಡೆಯ ಆಚೆ ಒಬ್ಬಳೇ ಹೋಗಬೇಡ. ಆ ಗಣೇಶ್ ಪ್ರಸಾದನನ್ನು ಕರೆದುಕೊಂಡು ಹೋಗು. ಗೌರಿಬಿದನೂರಿನವನು ಅಂತ ಹಿಂದೆ ಬರೆದಿದ್ದೆ, ಅವನಿಗೆ ಈಜು ಎಲ್ಲಿ ಬಂತೋ ದೇವರೇ ಬಲ್ಲ, ಆದರೂ ಜೊತೆಗೆ ಇರಲಿ.

ಫೋಟೊಗಳನ್ನು ಮೊಟ್ಟೆ ಕೇಂದ್ರಕ್ಕೇ ತೆಗೆದುಕೊಂಡು ಹೋದೆ. ಊಟದ ಹೊತ್ತಿನಲ್ಲಿ ಕಿಟಕಿ ಕೆಳಗೆ ಸಾಲಾಗಿ ಜೋಡಿಸಿದೆ. ಅಶ್ವತ್ಥಮ್ಮ ಬಂದು, ‘ಏನಕ್ಕಾ, ನಿನ್ ಸೊಸೆ ಮೀನಿಗೆ ಹೆಣ್ಣು ನೋಡ್ತಾ ಇದ್ದೀಯಾ?’ ಅಂದಳು. ನಾನು, ‘ಹೂಂ ಕಣೇ, ನಿನ್ ಮಗನಿಗಿಂತ ಒಳ್ಳೇ ಗಂಡು ಇದಾವೆ ಇಲ್ಲಿ’ ಅಂದೆ. ಒಂದು ಗಂಟೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಈಗ ಬಯ್ಯುತ್ತೇನೆ, ಕೇಳಿಸಿಕೋ. ಕಂದು ಕವರಿನ ಹನ್ನೊಂದನೇ ನಂಬರು, ಹಸಿರು ಕವರಿನ ಆರನೇ ನಂಬರು ಎರಡೂ ಒಂದೇ ಮೀನು ಕಣಮ್ಮ! ಎಡಗಡೆ ಕಿವಿರಿನ ಮುಚ್ಚಳ ನೋಡು. ಅಂಚಿನಲ್ಲಿ ಇಲಿ ಕಚ್ಚಿದ ರೊಟ್ಟಿಯ ಹಾಗೆ ಒಂದು ತುಂಡು ಹೋಗಿದೆ. ಅದರ ಕೆಳಗೆ ಎರಡು ಹಳೇ ಗಾಯದ ಗೆರೆ, ಒಂದು ಉದ್ದ, ಒಂದು ಗಿಡ್ಡ. ಎರಡರಲ್ಲೂ ಅದೇ ಕಚ್ಚು, ಅದೇ ಗೆರೆ. ನೀನು ಒಂದೇ ಮೀನನ್ನು ಒಂದು ಸಲ ಬಿಸಿಲಿನಲ್ಲಿ, ಒಂದು ಸಲ ಮೋಡದಲ್ಲಿ ಹಿಡಿದು, ಬಣ್ಣ ಬೇರೆ ಕಂಡಿತು ಅಂತ ಎರಡು ಕವರಿಗೆ ತುಂಬಿದ್ದೀಯ. ನಮ್ಮಲ್ಲಿ ಹೊಸದಾಗಿ ಸೇರಿದ ಹೆಂಗಸರು ಇದೇ ತಪ್ಪು ಮಾಡುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ಬಿಳೀ ಗೂಡೂ ಹಳದಿ ಕಾಣುತ್ತದೆ. ಬಣ್ಣ ನಂಬಬಾರದು, ಗುರುತು ನಂಬಬೇಕು ಅಂತ ನಾನು ಮೊದಲ ದಿನವೇ ಹೇಳಿಕೊಡುತ್ತೇನೆ. ನನ್ನ ಮನೆಯಲ್ಲಿ ಐದು ವರ್ಷ ಇದ್ದು ಓದಿದ ನೀನೇ ಹೀಗೆ ಮಾಡಿದರೆ?

ಆ ಒಂದು ಫೋಟೊ ತೆಗೆದುಹಾಕು. ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಆ ಹಸಿರು ಬಣ್ಣ ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ. ಹುಷಾರಾಗಿರು.

ಇಂತಿ,
ಅತ್ತೆ


ಕಡಮತ್
15 ನವೆಂಬರ್ 2024

ಪ್ರೀತಿಯ ಅತ್ತೆಗೆ,

ನಿನ್ನ ಕಾಗದ ತಲುಪಿತು. ನೀನು ಹೇಳಿದ್ದು ಸರಿ. ಕ್ಯಾಮೆರಾದ ಫ್ಲಾಶ್‌ನಿಂದ ಹಾಗಾಗಿದೆ. ಫ್ಲಾಶ್ ಬಿದ್ದಾಗ ಒಂದು ಬಣ್ಣ, ಬೀಳದಿದ್ದಾಗ ಇನ್ನೊಂದು. ಹಸಿರು ಆರನೇ ನಂಬರನ್ನು ತೆಗೆದುಹಾಕಿದ್ದೇನೆ. ಥ್ಯಾಂಕ್ಸ್.

ಈ ವಿಷಯ ಯಾರಿಗೂ ಹೇಳಬೇಡ. ಸಣ್ಣ ತಪ್ಪು, ಆದರೆ ಗಣೇಶ್ ಪ್ರಸಾದನ ಕಿವಿಗೆ ಬಿದ್ದರೆ ದೊಡ್ಡದಾಗುತ್ತದೆ.

ಇಲ್ಲಿ ಹವೆ ಚೆನ್ನಾಗಿದೆ. ದಿನಾ ಎರಡು ಸಲ ನೀರಿಗೆ ಇಳಿಯುತ್ತೇನೆ. ಮನೆಯ ಯಜಮಾನಿ ತೆಂಗಿನಕಾಯಿ ಹಾಕಿ ಚೂರೆ ಮೀನಿನ ಸಾರು ಮಾಡುತ್ತಾರೆ, ನೀನು ತಿಂದರೆ ಎರಡು ತಟ್ಟೆ ಅನ್ನ ಉಣ್ಣುತ್ತೀಯ. ಹೊಸ ಫೋಟೊ ಎಂಟು ಇಟ್ಟಿದ್ದೇನೆ, ಎಲ್ಲವೂ ಹಸಿರು ಮೀನಿನವು. ನೀನು ಪರೀಕ್ಷೆ ಮಾಡಬೇಕಾಗಿಲ್ಲ, ಸುಮ್ಮನೆ ನೋಡಿ ಸಂತೋಷಪಡು.

ಅಪ್ಪನಿಗೆ ಒಂದು ಮಾತು ಹೇಳಿಡು ಅತ್ತೆ. ಸ್ಕೂಲಿನವರಿಗೆ ಈಗಲೇ ಒಪ್ಪಿಗೆ ಕೊಡುವುದು ಬೇಡ. ನೀನು ಹೇಳಿದರೆ ಕೇಳುತ್ತಾನೆ.

ಮೌನಿಕಾ


ಶಿಡ್ಲಘಟ್ಟ
2-12-2024

ಚಿ. ಮೌನಿಗೆ ಆಶೀರ್ವಾದ.

ನಿನ್ನ ಕಾಗದ ಇಷ್ಟು ಗಿಡ್ಡ ಯಾಕೆ? ಮೀನು ತಿಂದು ಮೀನಿನ ಹಾಗೇ ಮಾತು ನಿಂತುಹೋಯಿತಾ?

ಭಾನುವಾರ ಕೆಂಚಾರ್ಲಹಳ್ಳಿಗೆ ಹೋಗಿದ್ದೆ. ನಿಮ್ಮಪ್ಪ ಹಿಪ್ಪುನೇರಳೆ ತೋಟದಲ್ಲಿದ್ದ. ನಾನು ಬದುವಿನ ಮೇಲೆ ನಿಂತುಕೊಂಡೇ ಶುರು ಮಾಡಿದೆ. ‘ವೆಂಕಟರಾಮಾ, ಆ ಸ್ಕೂಲಿನವರಿಗೆ ಬೇಡ ಅಂತ ಹೇಳು. ಹುಡುಗಿ ಹೊಸಾ ಮೀನು ಕಂಡುಹಿಡಿದವಳೆ.’

‘ಮೀನು ಕಂಡುಹಿಡ್ದು ಏನ್ ಮಾಡ್ತಾಳಕ್ಕಾ? ನಮ್ ಕಡೆ ಮಳೆ ಬಂದ್ರೆ ಕೆರೇಲಿ ಸಿಗ್ತಾವೆ.’

‘ನೀನು ಹುಟ್ಟಿದಾಗಿಂದ ಹಿಪ್ಪುನೇರಳೆ ಸೊಪ್ಪು ಬಿಟ್ಟು ಏನಾದ್ರೂ ನೋಡಿದ್ದೀಯೇನೋ? ಲೋಕದಲ್ಲಿ ಯಾರೂ ನೋಡದೇ ಇರೋದನ್ನ ನಿನ್ ಮಗಳು ನೋಡವಳೆ ಕಣೋ!’

ಇಬ್ಬರೂ ಜೋರು ಜೋರಾಗಿ ಆಡಿಕೊಂಡೆವು. ಪಕ್ಕದ ಹೊಲದ ಎರ್ರಪ್ಪ ಜಗಳ ಬಿಡಿಸಲು ಓಡಿ ಬಂದ, ‘ಏಮಿ ಅಕ್ಕಾ, ಭೂಮಿ ತಗಾದೆನಾ?’ ಅಂತ. ಕಡೆಗೆ ನಿಮ್ಮಪ್ಪ ಒಪ್ಪಿದ. ಮಾರ್ಚ್‌ವರೆಗೆ ಸ್ಕೂಲಿನವರಿಗೆ ಏನೂ ಹೇಳುವುದಿಲ್ಲ. ಮೀನು ನಿಂತರೆ ಅವನು ಇನ್ನು ಈ ಮಾತೇ ಎತ್ತುವುದಿಲ್ಲ. ನನ್ನ ಮೇಲೆ ಆಣೆ ಇಡಿಸಿಕೊಂಡು ಬಂದಿದ್ದೇನೆ.

ಹೊಸ ಎಂಟು ಫೋಟೊ ನೋಡಿದೆ. ಸುಮ್ಮನೆ ನೋಡು ಅಂದಿದ್ದೀಯ. ಸುಮ್ಮನೆ ನೋಡುವುದು ನನಗೆ ಬರುವುದಿಲ್ಲ, ಏನು ಮಾಡಲಿ? ಎಂಟೂ ಮೀನು ಬಲಗಡೆಗೇ ತಿರುಗಿಕೊಂಡಿವೆ. ಬಸ್‌ಸ್ಟ್ಯಾಂಡಿನಲ್ಲಿ ಚಿಂತಾಮಣಿ ಬಸ್ಸಿಗೆ ಕಾದು ನಿಂತ ಜನರ ಹಾಗೆ ಎಲ್ಲರದೂ ಒಂದೇ ಕಡೆ ಮುಖ. ಮೊದಲ ಕವರುಗಳಲ್ಲಿ ಎಡ, ಬಲ ಎರಡೂ ಇದ್ದವು. ಎಡಗಡೆಯವು ಇದ್ದರೆ ಕಳಿಸು.

ಅತ್ತೆ


ಕಡಮತ್
17 ಡಿಸೆಂಬರ್ 2024

ಅತ್ತೆಗೆ,

ಮೀನು ನಾವು ಹೇಳಿದ ಕಡೆ ತಿರುಗಿ ನಿಲ್ಲುವುದಿಲ್ಲ. ಸೆಳೆತ ಯಾವ ಕಡೆಯೋ ಮುಖ ಆ ಕಡೆ. ಎಡಗಡೆಯವು ಸರಿಯಾಗಿ ಬಂದಿಲ್ಲ, ಮಸುಕಾಗಿವೆ. ಅದರಲ್ಲಿ ಕಳಿಸುವಂಥದ್ದು ಏನೂ ಇಲ್ಲ.

ಅಪ್ಪನ ಹತ್ತಿರ ಅಷ್ಟೆಲ್ಲ ಆಣೆ ಮಾಡಿಸಿಕೊಳ್ಳುವ ಅಗತ್ಯವಿರಲಿಲ್ಲ. ನಾನು ಬರೀ ಒಂದು ಮಾತು ಹೇಳು ಅಂದಿದ್ದೆ.

ಜನವರಿ ಹತ್ತಕ್ಕೆ ವರದಿ ಸರ್‌ಗೆ ಹೋಗುತ್ತದೆ. ಅಲ್ಲಿಯವರೆಗೆ ನನಗೆ ಬಿಡುವಿಲ್ಲ. ಬರೆಯದಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಮೌನಿಕಾ


ಶಿಡ್ಲಘಟ್ಟ
29-12-2024

ಮೌನಿಗೆ,

ಈ ಕಾಗದವನ್ನು ಸ್ಪೀಡ್‌ಪೋಸ್ಟ್ ಮಾಡುತ್ತಿದ್ದೇನೆ. ಹತ್ತನೇ ತಾರೀಖಿಗೆ ಮೊದಲು ಸಿಗುತ್ತದೋ ಇಲ್ಲವೋ. ಫೋನಿನಲ್ಲಿ ಹೇಳುವ ಮಾತಲ್ಲ. ನಾಲ್ಕು ಸಲ ನಿನ್ನ ನಂಬರು ಒತ್ತಿ, ನಾಲ್ಕು ಸಲವೂ ಕಟ್ ಮಾಡಿದೆ.

ಎಡಗಡೆ ಫೋಟೊ ಕಳಿಸು ಅಂದದ್ದಕ್ಕೆ ನಿನಗೆ ಅಷ್ಟು ಕೋಪ ಬಂತಲ್ಲ, ಅದು ನನ್ನನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ನಿನ್ನ ಕಾಗದ. ಮತ್ತೆ ಹಳೇ ಎರಡು ಕವರು ತೆಗೆದೆ. ಕೇಂದ್ರದಲ್ಲಿ ಮೊಟ್ಟೆ ನೋಡುವ ಭೂತಗನ್ನಡಿ ಕೇಳಿ ತಂದೆ. ಫೋಟೊದ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ತಾರೀಖು ಬಿದ್ದಿದೆ. ಇಷ್ಟು ದಿನ ಅದರ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡೇ ನೋಡಿದ್ದೇನೆ, ನನ್ನ ಬುದ್ಧಿಗಿಷ್ಟು. ಕಂದು ಹನ್ನೊಂದು, ಮಾರ್ಚ್ ಹತ್ತೊಂಬತ್ತು. ಹಸಿರು ಆರು, ಸೆಪ್ಟೆಂಬರ್ ಇಪ್ಪತ್ತೇಳು. ಹಿಂದೆ ನಿನ್ನದೇ ಅಕ್ಷರದಲ್ಲಿ ಒಂದಕ್ಕೆ ‘ಹುಲ್ಲು’ ಅಂತಿದೆ, ಇನ್ನೊಂದಕ್ಕೆ ‘ಆಚೆ ಇಳಿಜಾರು’ ಅಂತಿದೆ. ಆರು ತಿಂಗಳು ಅಂತರ, ಬೇರೆ ಜಾಗ. ಫ್ಲಾಶ್ ಅಂದೆಯಲ್ಲ ಮೌನಿ, ಆರು ತಿಂಗಳಿನ ಫ್ಲಾಶ್ ಯಾವುದು?

ಮೊದಲು ನಾನೇ ದಡ್ಡಿ. ನನ್ನ ಕೈಯಲ್ಲಿ ಹೆಣ್ಣು ಅಂದರೆ ಸಾಯುವವರೆಗೆ ಹೆಣ್ಣು, ಗಂಡು ಅಂದರೆ ಗಂಡು. ಅದಕ್ಕೇ ಬೆಳಕಿನ ತಪ್ಪು ಅಂದುಕೊಂಡೆ. ನಿನ್ನೆ ಪಕ್ಕದ ಮನೆಯ ತನುಜಳನ್ನು ಕೇಳಿದೆ, ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಾಳಲ್ಲ ಅವಳು. ನಿನ್ನ ಹೆಸರು ಎತ್ತಲಿಲ್ಲ. ಸುಮ್ಮನೆ, ‘ತನುಜಾ, ಮೀನಿನಲ್ಲಿ ಹೆಣ್ಣು ಹೋಗಿ ಗಂಡಾಗೋದುಂಟೇನೇ?’ ಅಂದೆ.

‘ಉಂಟಲ್ಲಾಂಟಿ. ಹವಳದ ಬಂಡೆ ಮೀನಿನಲ್ಲಿ ಬೇಕಾದಷ್ಟಿವೆ. ದೊಡ್ಡ ಗಂಡು ಸತ್ರೆ ಗುಂಪಿನಲ್ಲಿರೋ ದೊಡ್ಡ ಹೆಣ್ಣು ಗಂಡಾಗತ್ತೆ, ಬಣ್ಣಾನೂ ಬದಲಾಗತ್ತೆ’ ಅಂದಳು. ಹಾಲು ಉಕ್ಕುತ್ತಿದೆ ಅಂತ ಒಳಗೆ ಹೋದಳು. ನಾನು ಅವರ ಹೊಸ್ತಿಲಲ್ಲೇ ನಿಂತುಬಿಟ್ಟೆ.

ಅಂದರೆ ಎರಡೂ ಒಂದೇ ಜಾತಿ. ಹುಲ್ಲಿನಲ್ಲಿದ್ದದ್ದು ಗಂಡಾದ ಮೇಲೆ ಮನೆ ಬದಲಾಯಿಸಿ ಗೋಡೆಯ ಆಚೆ ಹೋಗಿದೆ. ನಿನ್ನದು ಹೊಸ ಮೀನಲ್ಲ. ನಾನು ಅಕ್ಟೋಬರಿನಲ್ಲಿ ಬರೆದದ್ದು ಓದಿದ ಕ್ಷಣವೇ ನಿನಗೆ ಇದು ಗೊತ್ತಾಗಿದೆ. ಗೊತ್ತಾದ ಮೇಲೆ ಎಡ ಮಗ್ಗುಲು ಯಾರಿಗೂ ತೋರಿಸಬಾರದು ಅಂತ ತೀರ್ಮಾನ ಮಾಡಿದ್ದೀಯ.

ನಮ್ಮ ಕೆಲಸದಲ್ಲಿ ಒಂದು ಹೆಣ್ಣು ಹುಳ ತಪ್ಪಿ ಗಂಡಿನ ತಟ್ಟೆಗೆ ಬಿದ್ದರೆ ಕೇಂದ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದು ತನ್ನದೇ ತಳಿಯ ಗಂಡನ್ನು ಕೂಡಿಬಿಡುತ್ತದೆ, ಮಿಶ್ರತಳಿ ಆಗುವುದಿಲ್ಲ, ಆದರೂ ಮೊಟ್ಟೆ ನೋಡಲು ಚೆನ್ನಾಗೇ ಇರುತ್ತದೆ. ಸಾದಲಿಯಲ್ಲೋ ಇನ್ನೆಲ್ಲೋ ಯಾರೋ ಒಂದು ತಿಂಗಳು ಮೇಯಿಸಿದ ಮೇಲೆ ಅವರ ಮನೆಯಲ್ಲಿ ಗೂಡು ಕೆಡುತ್ತದೆ. ತಪ್ಪು ಮಾಡಿದವಳು ಇಲ್ಲಿ ಟೀ ಕುಡಿಯುತ್ತಾ ಇರುತ್ತಾಳೆ.

ಈ ಕಾಗದವನ್ನು ನಿನ್ನೆ ರಾತ್ರಿಯೇ ಬರೆದು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ. ಹರಿದುಹಾಕೋಣ, ಹುಡುಗಿ ಅಲ್ಲೇ ಇರಲಿ, ಮೀನಿಗೆ ಯಾವ ಹೆಸರಾದರೇನು ಅಂತಲೂ ಅನ್ನಿಸಿತು. ನೀನು ಸ್ಕೂಲಿನಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುವುದನ್ನು ನೋಡಲು ನನಗೂ ಇಷ್ಟವಿಲ್ಲ. ಆದರೂ ಕಳಿಸುತ್ತಿದ್ದೇನೆ. ನಾನು ಯಾರಿಗೂ ಹೇಳುವುದಿಲ್ಲ. ನೀನು ಹೇಳು.

ಅತ್ತೆ


ಕಡಮತ್
14 ಜನವರಿ 2025

ಅತ್ತೆಗೆ,

ನಿನ್ನ ಕಾಗದ ಹನ್ನೆರಡಕ್ಕೆ ಬಂತು. ವರದಿ ಹತ್ತಕ್ಕೇ ಹೋಗಿದೆ. ಹೋಯಿತು, ಮುಗಿಯಿತು.

ಹೌದು, ಗೊತ್ತಿತ್ತು. ನಿನ್ನ ಕಾಗದ ಓದಿ ಅವತ್ತು ಮಧ್ಯಾಹ್ನವೇ ಗೋಡೆಯಲ್ಲಿ ಕಿಂಡಿ ಹುಡುಕಿದೆ. ನೀರು ಇಳಿದಾಗ ಒಂದು ಮಂಚ ಹಿಡಿಯುವಷ್ಟು ಅಗಲದ ದಾರಿ ಒಳಗಿನಿಂದ ಆಚೆಗೆ ಇದೆ. ಹನ್ನೊಂದು ತಿಂಗಳು ನಾನು ಅದರ ಮೇಲೇ ಈಜಿದ್ದೇನೆ, ನೋಡಿಲ್ಲ. ಆಮೇಲೆ ನೋಡಿದೆ. ಅರ್ಧ ಕಂದು ಅರ್ಧ ಹಸಿರು ಇರುವ ಒಂದು ಮೀನು ಆ ಕಿಂಡಿಯಲ್ಲಿ ನಿಂತಿತ್ತು. ಅದರ ಫೋಟೊ ತೆಗೆಯಲಿಲ್ಲ. ಸಾಕಾ?

ಈಗ ನಾನು ಕೇಳುತ್ತೇನೆ. ಇದರಿಂದ ಯಾರ ಗೂಡು ಕೆಡುತ್ತದೆ? ಯಾರ ಮನೆಯಲ್ಲಿ ಬೆಳೆ ಹೋಗುತ್ತದೆ? ಒಂದು ಕಾಗದದಲ್ಲಿ ಒಂದು ಮೀನಿಗೆ ಇನ್ನೊಂದು ಹೆಸರು ಇರುತ್ತದೆ, ಹತ್ತು ವರ್ಷ ಬಿಟ್ಟು ಯಾರೋ ಬಂದು ತಿದ್ದುತ್ತಾರೆ. ಪುಸ್ತಕಗಳಲ್ಲಿ ಇಂಥ ತಪ್ಪು ನೂರು ಆಗಿವೆ, ನೂರೂ ತಿದ್ದಿದ್ದಾರೆ. ಅಷ್ಟರಲ್ಲಿ ನಾನು ಇಲ್ಲಿ ಮೂರು ವರ್ಷ ಇದ್ದು, ಆ ಋಣಕ್ಕೆ ನಿಜವಾದ್ದು ಹತ್ತು ಹುಡುಕಿ ಕೊಡುತ್ತೇನೆ.

ಸಾಯುವವರೆಗೆ ಒಂದೇ ಕಿಟಕಿಯ ಕೆಳಗೆ ಕೂತು ಹುಳ ಎಣಿಸುವುದು ನಿನಗೆ ಒಗ್ಗಿದೆ. ನನಗೆ ಒಗ್ಗಲಿಲ್ಲ. ಅದಕ್ಕೇ ಸಮುದ್ರದವರೆಗೆ ಓಡಿ ಬಂದೆ. ಅಷ್ಟು ದೂರ ಓಡಿ ಬಂದರೂ ನಿನ್ನ ಕಣ್ಣು ಹಿಂದೆಯೇ ಬಂತಲ್ಲ ಅತ್ತೆ! ನಿನಗೆ ‘ನೋಡಿ ಹೇಳು’ ಅಂದವಳೂ ನಾನೇ, ನನ್ನ ಕರ್ಮ.

ಇನ್ನು ಬರೆಯಬೇಡ.

ಮೌನಿಕಾ


ಶಿಡ್ಲಘಟ್ಟ
3-2-2025

ಮೌನಿಗೆ,

ಕಾಗದ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪನಿಗೆ ಮಂಡಿನೋವು, ನಾಟಿ ವೈದ್ಯ ಕೋನಪ್ಪನವರ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾನೆ. ನಿನ್ನ ಚಪ್ಪಲಿ ಇಲ್ಲೇ ಬಿಟ್ಟು ಹೋಗಿದ್ದೆ, ಒರೆಸಿ ಇಟ್ಟಿದ್ದೇನೆ.

ಬರೆಯಬೇಡ ಅಂದೆ. ಆದರೂ ತಲುಪಿತು ಅಂತ ಹೇಳಬೇಕಲ್ಲ, ಅದಕ್ಕೆ ಇಷ್ಟು.

ವೆಂಕಟರತ್ನಮ್ಮ


ಕಡಮತ್
24 ಫೆಬ್ರವರಿ 2025

ಅತ್ತೆಗೆ,

ನಿನ್ನ ಹೆಸರು ಬರೆದು ಸಹಿ ಹಾಕಿದ್ದೀಯ. ಅತ್ತೆ ಅಂತ ಬರೆದಿಲ್ಲ. ಅದನ್ನು ನೋಡಿ ಮತ್ತೆ ಅತ್ತುಬಿಟ್ಟೆ. ಅದಕ್ಕೆ ಮೊದಲೇ ಅಳುವ ಕೆಲಸವೆಲ್ಲ ಆಗಿಹೋಗಿತ್ತು. ಹೇಗಾಯಿತು ಅಂತ ಹೇಳುತ್ತೇನೆ.

ವರದಿ ಓದಿ ಸರ್‌ಗೆ ಬಹಳ ಸಂತೋಷವಾಯಿತು. ಹೊಸ ಜಾತಿ ಅಂತ ಗಟ್ಟಿ ಮಾಡಲು ಫೋಟೊ ಸಾಲದು, ಮೀನೇ ಬೇಕು, ಆರು ಹಸಿರು ಮೀನು ಹಿಡಿದು ಸ್ಪಿರಿಟ್‌ನಲ್ಲಿ ಇಡಬೇಕು. ಇದು ಮೊದಲಿನಿಂದಲೂ ನನಗೆ ಗೊತ್ತಿದ್ದ ಪದ್ಧತಿಯೇ. ಆದರೆ ಮನಸ್ಸಿನಲ್ಲಿ ಅದನ್ನು ಆ ಕಡೆ ತಳ್ಳಿಬಿಟ್ಟಿದ್ದೆ. ಹದಿನೆಂಟಕ್ಕೆ ಸರ್ ಅನುಮತಿ ಪತ್ರ ತೆಗೆದುಕೊಂಡು ತಾವೇ ಬಂದರು. ಮೂವರೂ ದೋಣಿಯಲ್ಲಿ ಗೋಡೆಯ ಆಚೆ ಹೋದೆವು. ಆ ಇಳಿಜಾರಿನಲ್ಲಿ ಇರುವುದೇ ಏಳು ಹಸಿರು. ಏಳೂ ಗಂಡು. ಆರು ತೆಗೆದರೆ ಒಳಗಿನ ಹೆಣ್ಣುಗಳಿಗೆಲ್ಲ ಒಂದೇ ಗಂಡು ಉಳಿಯುತ್ತದೆ ಅಂತ ಆ ದೋಣಿಯಲ್ಲಿ ನನಗೊಬ್ಬಳಿಗೇ ಗೊತ್ತು. ಬಾಯಿ ಬಿಡಲಿಲ್ಲ. ‘ಬಲೆಗೆ ಬೀಳದಿದ್ದರೆ ಸಾಕು’ ಅಂತ ಕೂತಿದ್ದೆ.

ಗಣೇಶ್ ಪ್ರಸಾದ್ ಎರಡನೇ ಸಲಕ್ಕೇ ಒಂದನ್ನು ಹಿಡಿದು ಮೇಲೆ ಕೊಟ್ಟ. ಸರ್ ಔಷಧಿ ಹಾಕಿದ ಬಕೆಟ್ಟಿಗೆ ಬಿಟ್ಟರು. ಬಗ್ಗಿ ನೋಡಿದೆ. ನೀನು ಕೇಳಿದ್ದೆಯಲ್ಲ, ಆ ಎಡಗಡೆ ಮೇಲಾಗಿ ಮಲಗಿತ್ತು. ಕಿವಿರಿನಲ್ಲಿ ಅದೇ ಕಚ್ಚು, ಕೆಳಗೆ ಒಂದು ಉದ್ದ ಗೆರೆ, ಒಂದು ಗಿಡ್ಡ ಗೆರೆ. ಮುಚ್ಚಳ ಎರಡು ಸಲ ಆಡಿತು. ಆಮೇಲೆ ಆಡಲಿಲ್ಲ.

‘ಸರ್, ಸಾಕು. ಬಲೆ ತೆಗೀರಿ. ಇದು ಹೊಸದಲ್ಲ’ ಅಂದೆ. ಅವರಿಗೆ ಕೇಳಿಸಲಿಲ್ಲ. ಕಿರುಚಿದೆ. ದೋಣಿಯವರೂ ಹೆದರಿ ಇಂಜಿನ್ ನಿಲ್ಲಿಸಿಬಿಟ್ಟರು.

‘ಯಾವಾಗಿಂದ ಗೊತ್ತು?’ ಅಂದರು ಸರ್.

‘ನವೆಂಬರಿಂದ.’

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಣೇಶ್ ಪ್ರಸಾದನನ್ನು ಮೇಲೆ ಕರೆದುಕೊಂಡರು. ದೋಣಿ ದಡಕ್ಕೆ ತಿರುಗಿಸಿದರು. ಸಂಜೆ ಕರೆದು, ಮುಂದಿನ ಮೂರು ವರ್ಷಕ್ಕೆ ಗಣೇಶ್ ಪ್ರಸಾದ್ ಇರುತ್ತಾನೆ ಅಂದರು. ವರದಿ ವಾಪಸ್ ತೆಗೆದುಕೊಂಡಿದ್ದೇವೆ. ತಪ್ಪು ಹೇಗಾಯಿತು ಅಂತ ನನ್ನ ಕೈಯಲ್ಲೇ ಬರೆಸಿದರು, ಬರೆದೆ. ನಿನ್ನ ಹೆಸರೂ ಬರೆದೆ. ಗುರುತು ಹಿಡಿದದ್ದು ಶಿಡ್ಲಘಟ್ಟದ ವೆಂಕಟರತ್ನಮ್ಮ ಅಂತ.

ಯಾರ ಗೂಡು ಕೆಡುತ್ತದೆ ಅಂತ ಕೇಳಿದ್ದೆ. ನಿನಗೆ ಆಡಬಾರದ ಮಾತೂ ಆಡಿದ್ದೆ. ಕ್ಷಮಿಸು ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸು.

ಅಪ್ಪನಿಗೆ ಸ್ಕೂಲಿನವರಿಗೆ ಹೂಂ ಅನ್ನಲು ಹೇಳು. ಮಾರ್ಚ್ ಮೂವತ್ತಕ್ಕೆ ಹಡಗಿದೆ.

ಮೌನಿ


ಶಿಡ್ಲಘಟ್ಟ
12-3-2025

ನನ್ನ ಮೌನಿಗೆ ಅತ್ತೆಯ ಆಶೀರ್ವಾದ.

ಸಹಿ ವಿಷಯ ಮೊದಲು. ಸಿಟ್ಟಿನಲ್ಲಿ ಹಾಗೆ ಹಾಕಿದೆ. ಅಂಚೆ ಡಬ್ಬಕ್ಕೆ ಹಾಕಿದ ಮೇಲೆ ಡಬ್ಬದ ಮುಂದೆಯೇ ನಿಂತಿದ್ದೆ, ಅಂಚೆಯವನು ಬಂದರೆ ಕೇಳಿ ವಾಪಸ್ ತೆಗೆದುಕೊಳ್ಳೋಣ ಅಂತ. ಅವನು ಬರುವಷ್ಟರಲ್ಲಿ ಕೆಲಸಕ್ಕೆ ಹೊತ್ತಾಯಿತು.

ನಿನ್ನ ಕಾಗದ ಓದಿದಾಗಿನಿಂದ ನನ್ನ ಕೈ ಕೆಲಸಕ್ಕೆ ಬಗ್ಗುತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆರೂ ಮೀನು ಸಾಯುತ್ತಿದ್ದವು, ನೀನು ಅಲ್ಲೇ ಇರುತ್ತಿದ್ದೆ. ಈಗ ಒಂದು ಸತ್ತಿತು, ನೀನು ಬರುತ್ತಿದ್ದೀಯ. ಎರಡರಲ್ಲಿ ಯಾವುದು ಬೇಕು ಅಂತ ಯಾರಾದರೂ ಕೇಳಿದರೆ ತಟಕ್ಕನೆ ಹೇಳಲು ಈಗಲೂ ನನಗೆ ಬರುವುದಿಲ್ಲ. ಇದನ್ನು ದೇವರ ಮುಂದೆಯೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನಿಮ್ಮಪ್ಪನಿಗೆ ನಾನೇ ಹೋಗಿ ಹೇಳಿದೆ. ಆಣೆ ಮಾಡಿಸಿಕೊಂಡವಳು ನಾನಲ್ಲವೇ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಲಿಲ್ಲ. ಹೀಗೆ ಹೀಗೆ, ಗೊತ್ತಿದ್ದೂ ಮುಚ್ಚಿಟ್ಟಳು, ಒಂದು ಮೀನು ಸತ್ತಿತು, ಆಮೇಲೆ ತನ್ನ ಬಾಯಿಂದಲೇ ಒಪ್ಪಿಕೊಂಡಳು, ಕೆಲಸ ಹೋಯಿತು ಅಂತ ಎಲ್ಲಾ ಹೇಳಿದೆ. ಹೆಣ್ಣು ಮೀನು ಗಂಡಾಗುವುದನ್ನೂ ಹೇಳಿದೆ. ‘ನೋಡಿದ್ಯಾ, ನಾನು ಅವತ್ತೇ ಹೇಳ್ದೆ’ ಅನ್ನುತ್ತಾನೆ ಅಂತ ಸೆರಗು ಬಿಗಿದುಕೊಂಡು ಜಗಳಕ್ಕೇ ಸಿದ್ಧಳಾಗಿ ಕೂತಿದ್ದೆ.

ಅವನು ಮಂಡಿಗೆ ಎಣ್ಣೆ ತಿಕ್ಕಿ ಮುಗಿಸಿದ. ಆಮೇಲೆ, ‘ಅಲ್ಲಕ್ಕಾ, ಆ ದೊಡ್ಡದು ಹೋಯ್ತಲ್ಲ, ಅದರ ಜಾಗಕ್ಕೆ ಯಾವ್ದು ಬಂತಂತೆ?’ ಅಂದ.

‘ನಂಗೇನೋ ಗೊತ್ತು’ ಅಂದೆ.

‘ಅವಳಿಗೆ ಗೊತ್ತಿರ್ಬೇಕಲ್ಲ. ಕೇಳು’ ಅಂದ. ಮಗಳ ಕೆಲಸದ ಬಗ್ಗೆ ನಿಮ್ಮಪ್ಪ ಒಂದು ಪ್ರಶ್ನೆ ಕೇಳಿದ್ದು ಇದೇ ಮೊದಲು ಕಣೇ. ಸ್ಕೂಲಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಂದ ಮೇಲೆ ನೋಡೋಣ.

ಹಡಗಿಗೆ ಇನ್ನೂ ಹದಿನೆಂಟು ದಿನ ಇದೆ. ಮೂಲೆ ಸೇರಿ ಅಳಬೇಡ. ನೀರಿಗಿಳಿದು ನೋಡಿ ಬರೆ.

ನಿನ್ನ ಅತ್ತೆ


ಕಡಮತ್
29 ಮಾರ್ಚ್ 2025

ಅತ್ತೆಗೆ,

ಈ ಕಾಗದಕ್ಕಿಂತ ಮೊದಲು ನಾನೇ ಬಂದುಬಿಡುತ್ತೇನೋ ಏನೋ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ಇದನ್ನು ಸರಿಯಾಗಿ ಹೇಳಲು ಆಗುವುದಿಲ್ಲ.

ನಿನ್ನ ಕಾಗದ ಇಪ್ಪತ್ತನಾಲ್ಕಕ್ಕೆ ಸಿಕ್ಕಿತು. ಅವತ್ತಿನಿಂದ ದಿನಾ ಕಿಂಡಿಯ ಹತ್ತಿರ ಇಳಿಯುತ್ತಿದ್ದೇನೆ. ಸರ್ ಬೇಡ ಅನ್ನಲಿಲ್ಲ. ಗಣೇಶ್ ಪ್ರಸಾದ್ ಜೊತೆಗೆ ಬರುತ್ತಾನೆ. ಮೊದಲ ಮೂರು ದಿನ ದೂರದಲ್ಲೇ ಈಜಿದ, ನಾಲ್ಕನೇ ದಿನ ತಾನೇ ನೀರಿನೊಳಗೆ ಬರೆಯುವ ಹಲಗೆ, ಪೆನ್ಸಿಲ್ ತಂದುಕೊಟ್ಟ.

ಅಪ್ಪನಿಗೆ ಹೇಳು. ಹುಲ್ಲಿನ ಗುಂಪಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಂದು, ಬಾಲದ ಅಂಚು ಸ್ವಲ್ಪ ಹರಿದಿರುವುದು, ಅದು ಕಿಂಡಿಗೆ ಬಂದಿದೆ. ಇಪ್ಪತ್ತಾರಕ್ಕೆ ಕಣ್ಣಿನ ಹಿಂದೆ ಒಂದು ನೀಲಿ ಗೆರೆ ಕಂಡಿತು. ಇವತ್ತು ಮೂರು ಇವೆ. ಬೆನ್ನಿನ ಮೇಲೆ ಹಸಿರು ಇನ್ನೂ ಹೌದೋ ಅಲ್ಲವೋ ಅನ್ನುವ ಹಾಗಿದೆ. ಉಳಿದ ಕಂದುಗಳನ್ನು ಈಗಲೇ ಅಟ್ಟಿಸಿಕೊಂಡು ಹೋಗುತ್ತದೆ, ನೋಡಿದರೆ ನಗು ಬರುತ್ತದೆ. ಪೂರ್ತಿ ಹಸಿರಾಗಲು ಇನ್ನು ಎಷ್ಟು ವಾರವೋ ಗೊತ್ತಿಲ್ಲ. ಹದಿನೈದು ದಿನ ಹೆಚ್ಚಿಗೆ ಇರಲು ಕೇಳಿದೆ, ಪರ್ಮಿಟ್ ಇಲ್ಲ ಅಂದರು.

ಎರಡೂ ಕಡೆಯ ಫೋಟೊ ತೆಗೆದು, ಅರ್ಧ ಕಂದು ಅರ್ಧ ಹಸಿರಿನ ಆ ಮೀನಿನ ವಿಷಯವನ್ನೂ ಪುಸ್ತಕದಲ್ಲಿ ಬರೆದು, ಸಂಜೆ ಗಣೇಶ್ ಪ್ರಸಾದನಿಗೆ ಒಪ್ಪಿಸಿದೆ. ಅವನು ಪುಸ್ತಕ ತಿರುವಿ, ‘ಇನ್ನು ನೀನು ನೋಡಲ್ವಲ್ಲ’ ಅಂದ. ಕೆಟ್ಟದಾಗಿ ಅನ್ನಲಿಲ್ಲ, ಪಾಪ. ‘ನೀನು ನೋಡು. ಪ್ರತಿ ವಾರ ಬರಿ’ ಅಂದೆ. ಶಿಡ್ಲಘಟ್ಟದ ಮನೆ ವಿಳಾಸ ಬರೆದುಕೊಂಡಿದ್ದಾನೆ.

ಮೌನಿ